ಬಯಲಾಟ, ಕಂಬಳ, ಕಡಲ ಗಾಳಿ: ನಮ್ಮ ಕಡೆಗೆ ಎಂಥ ಕ್ಯಾಮೆರಾ ಫೋನ್ ಬೇಕು?

ಮಧ್ಯಾಹ್ನದ ಬಿಸಿಲಲ್ಲಿ ಮಲ್ಪೆ ಬೀಚಲ್ಲಿ ನಿಂತು ತೆಗೆದರೆ ಹತ್ತು ಸಾವಿರದ ಫೋನಲ್ಲೂ ಫೋಟೋ ಚೆನ್ನಾಗಿಯೇ ಬರುತ್ತದೆ. ಅದೇ ಫೋನನ್ನು ರಾತ್ರಿ ಹನ್ನೊಂದಕ್ಕೆ ಬಯಲಾಟಕ್ಕೆ ತಗೊಂಡು ಹೋಗಿ, ವೇಷ ಸುತ್ತುತ್ತಾ ಹಾರಿ ದಿಗಿಣ ಹಾಕುವಾಗ ಒಂದು ಫೋಟೋ ತೆಗೆಯಿರಿ. ಕಿರೀಟ ಯಾವುದು, ಮುಖ ಯಾವುದು ಅಂತ ಹುಡುಕಬೇಕಾಗುತ್ತದೆ. ಕ್ಯಾಮೆರಾದ ಯೋಗ್ಯತೆ ಗೊತ್ತಾಗುವುದು ಇಂಥ ಕಡೆಯೇ.

ಮಂಗಳೂರು, ಉಡುಪಿ ಕಡೆಯವರು ಫೋನ್ ಎತ್ತಿ ಹಿಡಿಯುವ ಸಂದರ್ಭಗಳನ್ನು ಸುಮ್ನೆ ಒಮ್ಮೆ ನೆನೆಸಿಕೊಳ್ಳಿ. ಯಕ್ಷಗಾನ, ಕಂಬಳ, ಅಷ್ಟಮಿಯ ಹುಲಿವೇಷ, ರಥಬೀದಿಯ ತೇರು, ಮದುವೆ ಮನೆಯ ಮೆಹಂದಿ ರಾತ್ರಿ. ಹೆಚ್ಚಿನವು ಕತ್ತಲಾದ ಮೇಲೆ, ಮತ್ತೆ ಎಲ್ಲದರಲ್ಲೂ ಯಾರೋ ಕುಣಿಯುತ್ತಿರುತ್ತಾರೆ ಇಲ್ಲವೇ ಓಡುತ್ತಿರುತ್ತಾರೆ. ಹಾಗಾಗಿ ಫೋನ್ ಆರಿಸುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಕಡಿಮೆ ಬೆಳಕಲ್ಲಿ ಅಲುಗಾಡುವವರನ್ನು ಇದು ಹಿಡಿಯುತ್ತದಾ? ಅದೊಂದು ಬಂದರೆ ಹಗಲಿನ ಫೋಟೋ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮೆಗಾಪಿಕ್ಸೆಲ್ ಬಿಡಿ, ಸೆನ್ಸರ್ ಕೇಳಿ

ಡಬ್ಬದ ಮೇಲೆ ದೊಡ್ಡದಾಗಿ 108 ಮೆಗಾಪಿಕ್ಸೆಲ್, 200 ಮೆಗಾಪಿಕ್ಸೆಲ್ ಅಂತ ಬರೆದಿರುತ್ತಾರೆ. ಆದರೆ ಫೋನು ನಿಮಗೆ ಕೊಡುವ ಫೋಟೋ ಸಾಮಾನ್ಯವಾಗಿ 12 ಮೆಗಾಪಿಕ್ಸೆಲ್ ಆಸುಪಾಸಿನದ್ದೇ. 50ರ ಕ್ಯಾಮೆರಾ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡುತ್ತದೆ, 108ರದ್ದು ಒಂಬತ್ತು ಸೇರಿಸುತ್ತದೆ, 200ರದ್ದು ಹದಿನಾರು. ಲೆಕ್ಕ ಹಾಕಿದರೆ ಮೂರೂ ಬಂದು ನಿಲ್ಲುವುದು ಹೆಚ್ಚುಕಡಿಮೆ ಒಂದೇ ಜಾಗಕ್ಕೆ. ಸೇರಿಸುವುದು ಯಾಕೆ? ಒಂದೊಂದು ಪಿಕ್ಸೆಲ್ ಅಷ್ಟು ಚಿಕ್ಕದಾದರೆ ಅದರ ಪಾಲಿಗೆ ಬರುವ ಬೆಳಕು ಸಾಲುವುದಿಲ್ಲ, ಅದಕ್ಕೆ.

ಹಾಗಾಗಿ ನೋಡಬೇಕಾದ್ದು ಲೆನ್ಸಿನ ಹಿಂದೆ ಕೂತು ಬೆಳಕು ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದು ಅಂತ. ಇದನ್ನು 1/1.3 ಇಂಚು, 1/1.56 ಇಂಚು, 1/2.76 ಇಂಚು ಅಂತ ಬರೆಯುತ್ತಾರೆ. ಕೆಳಗಿನ ಅಂಕಿ ಚಿಕ್ಕದಾದಷ್ಟು ಸೆನ್ಸರ್ ದೊಡ್ಡದು. 1/2.6ರದ್ದಕ್ಕೆ ಹೋಲಿಸಿದರೆ 1/1.3ರದ್ದು ಉದ್ದದಲ್ಲಿ ಎರಡು ಪಟ್ಟು, ಅಗಲದಲ್ಲಿ ಎರಡು ಪಟ್ಟು. ಅಲ್ಲಿಗೆ ಒಟ್ಟು ಜಾಗ ನಾಲ್ಕು ಪಟ್ಟಾಯಿತು. ಲೆನ್ಸಿನ ಬಾಯಿ ಎಷ್ಟು ಅಗಲ ಅಂತ ಹೇಳುವ ಎಫ್ ನಂಬರ್ ಎರಡರಲ್ಲೂ ಒಂದೇ ಇದ್ದರೆ ಸಿಗುವ ಬೆಳಕೂ ನಾಲ್ಕು ಪಟ್ಟು. ಮಳೆಗಾಲದಲ್ಲಿ ಅಂಗಳಕ್ಕೆ ಪಾತ್ರೆ ಇಟ್ಟ ಹಾಗೆ, ಬಾಯಿ ಅಗಲ ಇದ್ದ ಪಾತ್ರೆಗೆ ನೀರು ಜಾಸ್ತಿ ಬೀಳುತ್ತದೆ, ಅಷ್ಟೇ ವಿಷಯ. ಎಫ್ ನಂಬರ್ ಕೂಡ ಚಿಕ್ಕದಿದ್ದಷ್ಟು ಒಳ್ಳೆಯದು, ಎಫ್ 1.6, 1.8 ಅಂತೆಲ್ಲ ಇರುತ್ತದೆ. ಆದರೆ ಎಫ್ 1.6 ಅಂತ ಬರೆದ ಪುಟಾಣಿ ಸೆನ್ಸರಿಗಿಂತ ಎಫ್ 1.8 ಇರುವ ದೊಡ್ಡ ಸೆನ್ಸರ್ ವಾಸಿ.

ಅಂಗಡಿಯ ಹುಡುಗನಿಗೆ ಸೆನ್ಸರ್ ಗಾತ್ರ ಗೊತ್ತಿರಬೇಕು ಅಂತೇನಿಲ್ಲ, ಪಾಪ, ಅವನಿಗೆ ಹೇಳಿಕೊಟ್ಟಿರುವುದೂ ಮೆಗಾಪಿಕ್ಸೆಲ್ಲೇ. ಜಿಎಸ್‌ಎಂ ಅರೇನಾದಂಥ ಸೈಟಲ್ಲಿ ಫೋನಿನ ಹೆಸರು ಹಾಕಿದರೆ ಸಾಮಾನ್ಯವಾಗಿ ಅದರ ಕ್ಯಾಮೆರಾಗಳ ಸೆನ್ಸರ್ ಗಾತ್ರ ಸಿಗುತ್ತದೆ. ಮನೆಯಲ್ಲೇ ನೋಡಿಕೊಂಡು ಹೋಗಿ.

ಹಿಂದುಗಡೆ ಮೂರು ನಾಲ್ಕು ಕಣ್ಣು ಇದ್ದ ಮಾತ್ರಕ್ಕೆ ಮರುಳಾಗಬೇಡಿ. 2 ಮೆಗಾಪಿಕ್ಸೆಲ್ ಮ್ಯಾಕ್ರೋ, 2 ಮೆಗಾಪಿಕ್ಸೆಲ್ ಡೆಪ್ತ್ ಅಂತ ಇರುವುದು ಲೆಕ್ಕ ಭರ್ತಿಗೆ ಮಾತ್ರ. ಅವನ್ನು ಇಲ್ಲ ಅಂತಲೇ ತಿಳಿದುಕೊಂಡು ಉಳಿದದ್ದನ್ನು ನೋಡಿ. ಲೆನ್ಸಿನ ಪಕ್ಕ ಲೈಕಾ, ಝೈಸ್ ಅಂತ ಹೆಸರು ಕೊರೆದದ್ದೂ ಅಷ್ಟೇ. ಹೆಸರು ಚಂದ ಉಂಟು, ಆದರೆ ಒಂದೇ ಹೆಸರಿನ ಎರಡು ಫೋನಿನ ಫೋಟೋ ಬೇರೆ ಬೇರೆ ಥರ ಬರುವುದುಂಟು.

ಓಐಎಸ್ ಬೇಕೇ ಬೇಕು, ಆದರೆ ಅದರಿಂದ ಆಗದ ಕೆಲಸವೂ ಉಂಟು

ಓಐಎಸ್ ಇರುವ ಫೋನಲ್ಲಿ ಲೆನ್ಸೋ ಸೆನ್ಸರೋ ಸಣ್ಣಗೆ ಅಲುಗಾಡಿ ನಿಮ್ಮ ಕೈ ನಡುಕವನ್ನು ಸರಿಮಾಡಿಕೊಳ್ಳುತ್ತದೆ. ಇಐಎಸ್ ಅಂತ ಇನ್ನೊಂದುಂಟು, ಅದು ಸಾಫ್ಟ್‌ವೇರ್ ಆಟ, ವಿಡಿಯೋದ ಅಂಚನ್ನು ಸ್ವಲ್ಪ ಕತ್ತರಿಸಿ ಚಿತ್ರವನ್ನು ನಿಲ್ಲಿಸುತ್ತದೆ. ಹಗಲಲ್ಲಿ ಇಐಎಸ್ ಸಾಕು. ರಾತ್ರಿ ಬರೀ ಇಐಎಸ್ ನಂಬಿಕೊಂಡರೆ ದೀಪಗಳ ಸುತ್ತ ಒಂಥರಾ ನಡುಗಿದ ಹಾಗೆ ಕಾಣುತ್ತದೆ. ಎರಡೂ ಇದ್ದರೆ ಒಳ್ಳೆಯದು.

ಆದರೆ ಓಐಎಸ್ ನಿಲ್ಲಿಸುವುದು ನಿಮ್ಮ ಕೈಯನ್ನು ಮಾತ್ರ, ವೇಷದವರ ಕಾಲನ್ನಲ್ಲ. ಇದು ತುಂಬ ಜನರಿಗೆ ಗೊತ್ತಿಲ್ಲ. ಬೆಳಕು ಕಡಿಮೆ ಆದಾಗ ಫೋನು ತನ್ನಷ್ಟಕ್ಕೆ ಶಟರನ್ನು ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೋ ಹದಿನೈದನೇ ಒಂದು ಭಾಗಕ್ಕೋ ಇಳಿಸುತ್ತದೆ. ಅಷ್ಟು ಹೊತ್ತು ಶಟರ್ ತೆರೆದಿದ್ದರೆ ಹಿಂದಿನ ಪರದೆ ಸ್ಪಷ್ಟವಾಗಿ ಬರುತ್ತದೆ, ಮುಂದೆ ಮಂಡಿ ತಿರುಗುವವರು ಮಾತ್ರ ಬಣ್ಣದ ಸುರುಳಿ ಆಗಿಬಿಡುತ್ತಾರೆ. ನೈಟ್ ಮೋಡ್ ಹಾಕಿದರೆ ಇನ್ನೂ ಕಷ್ಟ, ಅದು ಹಲವು ಫ್ರೇಮ್ ತೆಗೆದು ಒಟ್ಟು ಸೇರಿಸುತ್ತದೆ. ಕಾಪು ಲೈಟ್‌ಹೌಸಿಗೆ, ದೀಪ ಹಾಕಿದ ದೇವಸ್ಥಾನದ ಗೋಪುರಕ್ಕೆ ನೈಟ್ ಮೋಡ್ ಸರಿ. ಕುಣಿತಕ್ಕೆ ಅಲ್ಲ.

ಕುಣಿತಕ್ಕೆ ಬೇಕಾದ್ದು ಪ್ರೋ ಮೋಡ್, ಅಂದರೆ ಶಟರ್ ಎಲ್ಲ ನಾವೇ ಹೊಂದಿಸಿಕೊಳ್ಳುವ ಮೋಡ್. ಫೋನ್ ತಗೊಳ್ಳುವ ಮೊದಲೇ ಅದು ಉಂಟಾ ನೋಡಿ, ಫೋಟೋಕ್ಕೂ ವಿಡಿಯೋಕ್ಕೂ ಎರಡಕ್ಕೂ ಉಂಟಾ ಅಂತ ನೋಡಿ, ಕೆಲವದರಲ್ಲಿ ಫೋಟೋಕ್ಕೆ ಮಾತ್ರ ಇರುತ್ತದೆ. ಶಟರನ್ನು 1/125ಕ್ಕೆ ಇಟ್ಟು ಐಎಸ್ಒ (ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕಿ) 800ರಿಂದ 1600ರ ಒಳಗೆ ಹೊಂದಿಸಿಕೊಂಡರೆ ಈಗಿನ ರಂಗಸ್ಥಳದ ಬೆಳಕಿಗೆ ಸಾಧಾರಣ ಸಾಕಾಗುತ್ತದೆ. ಸ್ವಲ್ಪ ಕಾಳುಕಾಳು ಬಂದರೂ ಪರವಾಗಿಲ್ಲ, ಮುಖ ಮುಖದ ಹಾಗೆ ಕಾಣುತ್ತದೆ. ಐಫೋನಿನ ಮೂಲ ಕ್ಯಾಮೆರಾ ಆ್ಯಪಲ್ಲಿ ಪ್ರೋ ಮೋಡ್ ಇಲ್ಲ, ಬೇರೆ ಆ್ಯಪ್ ಹಾಕಿಕೊಳ್ಳಬೇಕು. ವಿಡಿಯೋಕ್ಕಾದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿಯೇ ಸಿಗುತ್ತದೆ, ಕೆಲವು ಆಂಡ್ರಾಯ್ಡ್ ಫೋನಿಗೂ ಉಂಟು.

ಯಕ್ಷಗಾನದ ಮುಖವರ್ಣಿಕೆಗೆ ಇನ್ನೊಂದು ಪರೀಕ್ಷೆ ಉಂಟು. ಹಿಂದೆ ಕತ್ತಲು, ಮುಂದೆ ಹೊಳೆಯುವ ಕಿರೀಟ, ಅದರ ನಡುವೆ ಬಣ್ಣ ಬಳಿದ ಮುಖ. ಸಾಧಾರಣ ಫೋನು ಆ ಕತ್ತಲನ್ನು ನೋಡಿ ಇಡೀ ಚಿತ್ರವನ್ನೇ ಬೆಳಗಿಸಲು ಹೊರಡುತ್ತದೆ, ಆಗ ಮುಖ ಬೆಳ್ಳಗೆ ಸುಣ್ಣ ಹೊಡೆದ ಹಾಗೆ ಆಗುತ್ತದೆ, ಕಣ್ಣಿನ ಸುತ್ತ ಎಳೆದ ಸಣ್ಣ ಗೆರೆಗಳೆಲ್ಲ ಮಾಯ. ಮುಖದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಗೆರೆಗಳು ವಾಪಸ್ ಬಂದರೆ ಆ ಫೋನು ಆಗಬಹುದು. ಎಳೆದರೂ ಬರೀ ಬೂದು ಬೂದು ಕಂಡರೆ ಬೇಡ.

ಜೂಮ್: ಬೆರಳು ಅಡ್ಡ ಇಟ್ಟು ನೋಡಿ

ರಂಗಸ್ಥಳದ ಎದುರು ಕೂರಲು ಜಾಗ ಸಿಗುವುದು ಬೇಗ ಹೋದವರಿಗೆ. ಕಂಬಳದಲ್ಲಂತೂ ಕೋಣ ಓಡುವ ಕರೆಯ ಪಕ್ಕ ಹೋಗಲು ಬಿಡುವುದೇ ಇಲ್ಲ. ಹಾಗಾಗಿ ನಮ್ಮ ಕಡೆಗೆ ಅಗಲವಾಗಿ ಹಿಡಿಯುವ ಅಲ್ಟ್ರಾವೈಡಿಗಿಂತ ದೂರದ್ದನ್ನು ಹತ್ತಿರ ತರುವ ಟೆಲಿ ಕ್ಯಾಮೆರಾ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಅಲ್ಟ್ರಾವೈಡ್ ಬೇಕಾಗುವುದು ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಿಗೆ, ಮನೆಯೊಳಗಿನ ಗ್ರೂಪ್ ಫೋಟೋಕ್ಕೆ. ಅದರಲ್ಲೂ ಕಡಿಮೆ ಬೆಲೆಯ ಫೋನುಗಳ 8 ಮೆಗಾಪಿಕ್ಸೆಲ್ ಅಲ್ಟ್ರಾವೈಡ್ ಸಂಜೆ ಆದ ಮೇಲೆ ಲೆಕ್ಕಕ್ಕೆ ಬರುವುದಿಲ್ಲ.

50 ಮೆಗಾಪಿಕ್ಸೆಲ್ ಮುಖ್ಯ ಕ್ಯಾಮೆರಾದ ನಡುಭಾಗವನ್ನೇ ಕತ್ತರಿಸಿದರೆ 2ಎಕ್ಸ್ ತನಕ ಚೆನ್ನಾಗಿ ಬರುತ್ತದೆ, ಅಷ್ಟಕ್ಕೆ ಬೇರೆ ಲೆನ್ಸ್ ಬೇಕಿಲ್ಲ. ಅದರ ಮೇಲೆ 3ಎಕ್ಸ್, 5ಎಕ್ಸ್ ಬೇಕಾದರೆ ನಿಜವಾದ ಟೆಲಿ ಲೆನ್ಸ್ ಇರಬೇಕು. 30ಎಕ್ಸ್, 100ಎಕ್ಸ್ ಅಂತ ಬರೆದದ್ದನ್ನು ನೋಡಲೇಬೇಡಿ, ಚಂದ್ರನ ಫೋಟೋ ಎಷ್ಟು ಸಲ ಅಂತ ತೆಗೆಯುತ್ತೀರಿ?

ಇಲ್ಲೊಂದು ಮೋಸ ಉಂಟು ಮಾರಾಯ್ರೆ. ಎಷ್ಟೋ ಫೋನುಗಳು ಬೆಳಕು ಕಡಿಮೆಯಾದ ಕೂಡಲೇ ಟೆಲಿ ಲೆನ್ಸನ್ನು ಬಿಟ್ಟು ಮುಖ್ಯ ಕ್ಯಾಮೆರಾದ್ದೇ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತವೆ. ಪರದೆ ಮೇಲೆ 3ಎಕ್ಸ್ ಅಂತಲೇ ಇರುತ್ತದೆ. ಕಂಡುಹಿಡಿಯುವುದು ಸುಲಭ. ಅಂಗಡಿಯ ಸ್ವಲ್ಪ ಮಬ್ಬು ಮೂಲೆಗೆ ತಿರುಗಿಸಿ 3ಎಕ್ಸ್ ಒತ್ತಿ, ಆಮೇಲೆ ಟೆಲಿ ಲೆನ್ಸಿನ ಮೇಲೆ ಬೆರಳು ಅಡ್ಡ ಇಡಿ. ಪರದೆ ಕಪ್ಪಾದರೆ ಟೆಲಿ ಕೆಲಸ ಮಾಡುತ್ತಿದೆ. ಏನೂ ಆಗದಿದ್ದರೆ ನಿಮ್ಮ ದುಡ್ಡು ಮುಖ್ಯ ಕ್ಯಾಮೆರಾಕ್ಕೆ ಮಾತ್ರ ಹೋದ ಹಾಗೆ. ಟೆಲಿಯ ಸೆನ್ಸರ್ ಗಾತ್ರ, ಎಫ್ ನಂಬರ್, ಅದಕ್ಕೆ ಓಐಎಸ್ ಉಂಟಾ ಇಲ್ವಾ, ಇವು ಮೂರನ್ನೂ ನೋಡಬೇಕು ಅನ್ನುವುದು ಇದಕ್ಕೇ.

ಕಂಬಳಕ್ಕೆ ಇನ್ನೊಂದು ವಿಷಯ. ಕೆನೆಹಲಗೆ ಓಟದಲ್ಲಿ ನೀರು ಮೇಲೆ ಹಾರಿ ನಿಶಾನೆಗೆ ತಾಗುವ ಆ ಕ್ಷಣ ಸಿಗಬೇಕಾದರೆ ಗುಂಡಿ ಒತ್ತಿದ ತಕ್ಷಣ ಫೋಟೋ ಆಗಬೇಕು. ಕೆಲವು ಫೋನಲ್ಲಿ ಒತ್ತಿ ಅರೆಗಳಿಗೆ ಬಿಟ್ಟು ಕ್ಲಿಕ್ ಆಗುತ್ತದೆ, ಅಷ್ಟೊತ್ತಿಗೆ ಕೋಣ ಮುಂದೆ ಹೋಗಿ ಆಗಿರುತ್ತದೆ. ಅಂಗಡಿಯಲ್ಲಿ ಗೆಳೆಯನಿಗೆ ಕೈ ಜೋರಾಗಿ ಬೀಸಲು ಹೇಳಿ, ಒಂದರ ಹಿಂದೆ ಒಂದು ಫೋಟೋ ತೆಗೆಯಿರಿ. ಬೆರಳುಗಳು ಎಣಿಸುವ ಹಾಗೆ ಬರಬೇಕು. ಹಗಲಿನ ಓಟಕ್ಕೆ ಶಟರ್ 1/1000 ಇಡಿ, ನೀರ ಹನಿಯೂ ನಿಲ್ಲುತ್ತದೆ.

ವಿಡಿಯೋ

ಫೋಟೋ ಚೆನ್ನಾಗಿ ಬರುವ ಫೋನಲ್ಲಿ ವಿಡಿಯೋವೂ ಚೆನ್ನಾಗಿರುತ್ತದೆ ಅಂತೇನಿಲ್ಲ. 4ಕೆ ಉಂಟು ಅಂತ ಬರೆದಿದ್ದರೆ ಮುಂದಿನ ಪ್ರಶ್ನೆ ಕೇಳಿ. ಸೆಕೆಂಡಿಗೆ ಎಷ್ಟು ಫ್ರೇಮಲ್ಲಿ, 30ರಲ್ಲಾ 60ರಲ್ಲಾ? ಯಾವ ಲೆನ್ಸಲ್ಲಿ, ಎಲ್ಲದರಲ್ಲೂ ಉಂಟಾ ಮುಖ್ಯದರಲ್ಲಿ ಮಾತ್ರವಾ? 4ಕೆ ಹಾಕಿದಾಗ ಸ್ಟೆಬಿಲೈಸೇಶನ್ ಇರುತ್ತದಾ, ಅಥವಾ 1080ಪಿಗೆ ಇಳಿದರೆ ಮಾತ್ರವಾ? ರೆಕಾರ್ಡ್ ಆಗುತ್ತಿರುವಾಗ 1ಎಕ್ಸಿನಿಂದ 3ಎಕ್ಸಿಗೆ ಹೋಗಬಹುದಾ? ಮಧ್ಯಮ ಬೆಲೆಯ ಫೋನುಗಳು ಎಡವುವುದು ಇಂಥ ಕಡೆಯೇ. ರೀಲ್ಸ್ ಮಾತ್ರ ಮಾಡುವವರಿಗೆ ಒಳ್ಳೆಯ 1080ಪಿ ಧಾರಾಳ ಸಾಕು, ಇನ್‌ಸ್ಟಾಗ್ರಾಂ ತೋರಿಸುವುದೂ ಅಷ್ಟೇ.

ವೀಡಿಯೋದಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಓಡುವುದು ನೋಡಿದ್ದೀರಲ್ವಾ? ಅದು ಕರೆಂಟಿನ ಕಾರಣಕ್ಕೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅದಕ್ಕೆ ಜೋಡಿಸಿದ ಕಡಿಮೆ ಬೆಲೆಯ ಬಲ್ಬು, ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಸೆಟ್ಟಿಂಗ್ಸಲ್ಲಿ ಆ್ಯಂಟಿ ಫ್ಲಿಕರ್ ಅಂತ ಇದ್ದರೆ 50 ಹರ್ಟ್ಸಿಗೆ ಇಡಿ. ಪ್ರೋ ವಿಡಿಯೋ ಇದ್ದರೆ ಶಟರನ್ನು 1/50 ಅಥವಾ 1/100ಕ್ಕೆ ಕಟ್ಟಿಹಾಕಿ, ಪಟ್ಟಿ ಹೋಗುತ್ತದೆ. ಮದುವೆ ಹಾಲಿನ ದೊಡ್ಡ ಎಲ್‌ಇಡಿ ಪರದೆಗೆ ಈ ಲೆಕ್ಕ ಹಿಡಿಯುವುದಿಲ್ಲ, ಅಲ್ಲಿ ಶಟರ್ ಆಚೆ ಈಚೆ ಮಾಡಿ ನೋಡಬೇಕು ಅಷ್ಟೆ.

ಇನ್ನು ಶಬ್ದ. ಇದನ್ನು ಯಾರೂ ಪರೀಕ್ಷೆ ಮಾಡುವುದೇ ಇಲ್ಲ. ಚೆಂಡೆ ಜೋರಾದಾಗ ಫೋನಿನ ಮೈಕು ಒಡೆದ ಹಾಗೆ ಕೇಳಿಸುತ್ತದೆ, ಭಾಗವತರ ಪದ ಅದರಡಿಯಲ್ಲಿ ಮುಳುಗಿ ಹೋಗುತ್ತದೆ. ಪಣಂಬೂರು, ಮಲ್ಪೆ ಕಡೆ ಗಾಳಿಯ ಬುಸಬುಸ ಬಿಟ್ಟು ಬೇರೇನೂ ಇರುವುದಿಲ್ಲ. ಹಂಪನಕಟ್ಟೆಯ ಅಂಗಡಿಗೆ ಹೋಗಿದ್ದರೆ ಬಾಗಿಲ ಬಳಿ ಬಂದು ಒಂದು ಸಿಟಿ ಬಸ್ಸು ಹಾರನ್ ಹಾಕಿಕೊಂಡು ಹೋಗುವಾಗ ನೀವೂ ಮಾತಾಡುತ್ತಾ ರೆಕಾರ್ಡ್ ಮಾಡಿ. ಕಾಯಬೇಕಾಗಿಯೇ ಇಲ್ಲ, ನಿಮಿಷಕ್ಕೊಂದು ಬರುತ್ತದೆ. ಹಾರನ್ ಹಾರನ್ನಿನ ಹಾಗೆ ಕೇಳಿಸಿ ನಿಮ್ಮ ಮಾತೂ ಅರ್ಥ ಆದರೆ ಮೈಕ್ ಸರಿ ಉಂಟು. ಮಾತಿನ ವಿಡಿಯೋ ಜಾಸ್ತಿ ಮಾಡುವವರು ಒಂದು ವೈರ್‌ಲೆಸ್ ಮೈಕ್ ತಗೊಳ್ಳುವುದೇ ಲೇಸು.

ಜಾಗದ ಲೆಕ್ಕವನ್ನೂ ಮಾಡಿಕೊಳ್ಳಿ. ಐಫೋನಿನಲ್ಲಿ 4ಕೆ 30 ಫ್ರೇಮಿಗೆ ಎಚ್‌ಇವಿಸಿ ಅನ್ನುವ ಕಡಿಮೆ ಜಾಗ ಹಿಡಿಯುವ ರೂಪದಲ್ಲಿ ನಿಮಿಷಕ್ಕೆ ಸುಮಾರು 170 ಎಂಬಿ ಬೇಕು, 60 ಫ್ರೇಮಿಗೆ ಸುಮಾರು 400 ಎಂಬಿ. ಮೂರು ಗಂಟೆಯ ಒಂದು ಪ್ರಸಂಗವನ್ನು 30 ಫ್ರೇಮಲ್ಲಿ ಹಿಡಿದರೆ 30 ಜಿಬಿ ಮುಗಿಯಿತು. ದುಬಾರಿ ಫೋನುಗಳಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗವೇ ಈಗ ಇರುವುದಿಲ್ಲ. ವಿಡಿಯೋ ಮಾಡುವವರು 128 ಜಿಬಿ ತಗೊಂಡು ಆಮೇಲೆ ಒದ್ದಾಡುವುದು ಬೇಡ, 256ಕ್ಕೆ ಹೋಗಿ.

ಮಳೆ, ಉಪ್ಪುನೀರು, ಸೆಖೆ

ನೀರು, ಧೂಳು ತಡೆಯುತ್ತದೆ ಅನ್ನುವ ಗುರುತಾದ ಐಪಿ68 ಅಂತ ಇದ್ದರೆ ಮಳೆಗೆ ಹೆದರಬೇಕಾಗಿಲ್ಲ, ಜೂನ್ ಜುಲೈಯಲ್ಲಿ ಇದು ನಮಗೆ ದೊಡ್ಡ ಸಮಾಧಾನ. ಆದರೆ ಆ ಪರೀಕ್ಷೆ ಆಗುವುದು ಸಿಹಿ ನೀರಲ್ಲಿ. ಸಮುದ್ರದ ನೀರು ಬೇರೆಯೇ. ಚಾರ್ಜಿಂಗ್ ಜಾಗದೊಳಗೆ ಉಪ್ಪು ಕೂತರೆ ತುಕ್ಕು ಹಿಡಿಯುತ್ತದೆ, ನೀರು ಹೋಗಿ ಹಾಳಾದದ್ದಕ್ಕೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಐಪಿ68 ಇದೆ ಅಂತ ಅಲೆಯೊಳಗೆ ಮುಳುಗಿಸಿ ವಿಡಿಯೋ ಮಾಡುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಉಪ್ಪುನೀರು ಹಾರಿದರೆ ನಲ್ಲಿ ನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗುವ ತನಕ ಚಾರ್ಜಿಗೆ ಇಡಬೇಡಿ.

ಎಸಿ ಕಾರಿಂದ ಇಳಿದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಅದು ಫೋನಿನ ತಪ್ಪಲ್ಲ, ನಮ್ಮ ಗಾಳಿಯ ಪಸೆ. ಐದು ನಿಮಿಷ ಬಿಟ್ಟರೆ ಹೋಗುತ್ತದೆ. ಮಂಜು ಗಾಜಿನ ಒಳಗಡೆ ಇದ್ದು ಹೋಗದಿದ್ದರೆ ಮಾತ್ರ ಸೀಲ್ ಹೋಗಿರಬಹುದು.

ಬಿಸಿಲಲ್ಲಿ 4ಕೆ ರೆಕಾರ್ಡ್ ಮಾಡಿದರೆ ಫೋನು ಬಿಸಿಯಾಗುತ್ತದೆ, ಪರದೆ ಮಂಕಾಗುತ್ತದೆ, ಕೆಲವು ರೆಕಾರ್ಡಿಂಗನ್ನೇ ನಿಲ್ಲಿಸುತ್ತವೆ. ಗೆಳೆಯರ ಹತ್ತಿರ ಅದೇ ಮಾಡೆಲ್ ಇದ್ದರೆ ಹತ್ತು ನಿಮಿಷ ಹೊರಗೆ ನಿಂತು 4ಕೆ ಹಿಡಿದು ನೋಡಿ.

ದುಡ್ಡು ಎಷ್ಟು ಹಾಕಬೇಕು?

20 ಸಾವಿರದ ಒಳಗಾದರೆ ಮುಖ್ಯ ಕ್ಯಾಮೆರಾ ಒಂದನ್ನೇ ನೋಡಿ, ಅದಕ್ಕೆ ಓಐಎಸ್ ಇದ್ದರೆ ಸಾಕು, ಉಳಿದದ್ದು ಮರೆತುಬಿಡಿ. 30 ಸಾವಿರದ ಆಸುಪಾಸಿನಲ್ಲಿ ಟೆಲಿ ಲೆನ್ಸ್ ಇರುವ ಫೋನುಗಳೂ ಸಿಗತೊಡಗಿವೆ, ಅಲ್ಲಿ ಬೆರಳಿನ ಪರೀಕ್ಷೆ ಮಾಡದೆ ತಗೊಳ್ಳಬೇಡಿ. ಇನ್ನೂ ಸ್ವಲ್ಪ ಹೆಚ್ಚು ಹಾಕುವವರಿಗೆ ನನ್ನ ಸಲಹೆ, ಈ ವರ್ಷದ ಮಧ್ಯಮ ಫೋನಿಗಿಂತ ಕಳೆದ ವರ್ಷದ ದುಬಾರಿ ಫೋನು ಒಳ್ಳೆಯದು. ಹೊಸ ಮಾಡೆಲ್ ಬಂದಾಗ ಹಳೆಯದರ ಬೆಲೆ ಇಳಿಯುತ್ತದೆ, ಸೆನ್ಸರ್ ಇಳಿಯುವುದಿಲ್ಲ.

ಕಂಪೆನಿಗಳ ಗುಣ ಹೇಳುವುದಾದರೆ, ವಿಡಿಯೋವೇ ಮುಖ್ಯ ಅನ್ನುವವರಿಗೆ ನಾನು ಈಗಲೂ ಐಫೋನ್ ಅನ್ನುತ್ತೇನೆ. ಫೋಟೋದಲ್ಲಿ ನಮ್ಮ ಮೈಬಣ್ಣ ಇದ್ದ ಹಾಗೆ ಬರಬೇಕಾದರೆ ಗೂಗಲ್ಲಿನ ಪಿಕ್ಸೆಲ್ ಫೋನು, ದೂರದ ರಂಗಸ್ಥಳಕ್ಕೆ ವಿವೋದ ಎಕ್ಸ್ ಸಾಲಿನ ದೊಡ್ಡ ಫೋನುಗಳು, ಎಲ್ಲವೂ ಸ್ವಲ್ಪ ಸ್ವಲ್ಪ ಬೇಕಾದರೆ ಸ್ಯಾಮ್ಸಂಗಿನ ಎಸ್ ಸಾಲು. ಇದು ನನ್ನ ಕಣ್ಣಿನ ಲೆಕ್ಕ, ನಿಮ್ಮದು ಬೇರೆ ಇರಬಹುದು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಫೋನು ಬೈಕಿನ ಹ್ಯಾಂಡಲಿಗೆ ಕಟ್ಟಿದ್ದದ್ದಾ ಅಂತ ಕೇಳಲೇಬೇಕು. ಬೈಕಿನ ಅದುರಾಟಕ್ಕೆ ಓಐಎಸ್ ಹಾಳಾಗಬಹುದು ಅಂತ ಆ್ಯಪಲ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಕ್ಯಾಮೆರಾ ತೆರೆದಾಗ ಚಿತ್ರ ತನ್ನಷ್ಟಕ್ಕೆ ನಡುಗುತ್ತಿದ್ದರೆ, ದೂರದ ಬೋರ್ಡಿಗೆ ಫೋಕಸ್ ಕೂರದೆ ಹಿಂದೆ ಮುಂದೆ ಮಾಡುತ್ತಿದ್ದರೆ ಬಿಟ್ಟುಬಿಡಿ. ಟಾರ್ಚ್ ಹಾಕಿ ಲೆನ್ಸಿನೊಳಗೆ ಪಸೆ, ಧೂಳು ಉಂಟಾ ನೋಡಿ.

ಅಂಗಡಿಯಲ್ಲಿ

ಆದಷ್ಟು ಸಂಜೆ ಏಳರ ಮೇಲೆ ಹೋಗಿ. ಮೊದಲು ಲೆನ್ಸ್ ಒರೆಸಿ, ಡೆಮೋ ಫೋನಿನ ಮೇಲೆ ಇಡೀ ಊರಿನ ಬೆರಳಚ್ಚು ಇರುತ್ತದೆ. ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಒಳಗೆ ನಿಂತು ಗೆಳೆಯನನ್ನು ರಸ್ತೆಯ ದೀಪಗಳಿಗೆ ಬೆನ್ನು ಹಾಕಿ ನಿಲ್ಲಿಸಿ ಒಂದು ಫೋಟೋ, ನಡೆಯುತ್ತಾ ಒಂದು ನಿಮಿಷ ವಿಡಿಯೋ, ಅದರ ನಡುವೆ ಲೆನ್ಸ್ ಬದಲಾಯಿಸಿ. ಫೋನಿನ ಪರದೆಯಲ್ಲೇ ನೋಡಿ ತೀರ್ಮಾನ ಮಾಡಬೇಡಿ, ಈಗಿನ ಪರದೆಯಲ್ಲಿ ಎಲ್ಲವೂ ಚಂದವೇ ಕಾಣುತ್ತದೆ. ಕೇಬಲ್ಲಲ್ಲೋ ಈಮೇಲಲ್ಲೋ ಮೂಲ ಫೈಲನ್ನೇ ತಗೊಂಡು ಮನೆಯ ಲ್ಯಾಪ್‌ಟಾಪಲ್ಲಿ ದೊಡ್ಡದು ಮಾಡಿ ನೋಡಿ. ವಾಟ್ಸಾಪಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡಿರುತ್ತದೆ, ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಅಂಗಡಿಯವರು ಫೈಲ್ ಕೊಡಲು ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗಿ, ಊರಲ್ಲಿ ಮೊಬೈಲ್ ಅಂಗಡಿಗೆ ಬರ ಇಲ್ಲವಲ್ಲ.

ದೈವದ ಕೋಲ, ನೇಮಕ್ಕೆ ಹೋಗುವಾಗ ಮಾತ್ರ ಮೊದಲು ಅದನ್ನು ನಡೆಸುವ ಮನೆಯವರನ್ನು ಕೇಳಿ. ಎಷ್ಟೋ ಕಡೆ ಫೋನ್ ತೆಗೆಯುವ ಹಾಗೇ ಇಲ್ಲ. ಬಿಟ್ಟರೂ ಫ್ಲ್ಯಾಶ್ ಹಾಕಬೇಡಿ. ಅದರ ಬೆಳಕು ಎರಡು ಮೂರು ಮೀಟರಿಗಿಂತ ಆಚೆ ಹೋಗುವುದಿಲ್ಲ, ನಿಮ್ಮ ಎದುರು ಕೂತವರ ತಲೆ ಮಾತ್ರ ಬೆಳ್ಳಗೆ ಬರುತ್ತದೆ.